ಎದೆಗೂಡಿನ ಹಗಲುವೇಷಗಾರರು

ಇನ್ಸುಲಿನ್ ಎಲ್ಲಿ ತಯಾರಾಗುತ್ತದೆ? ಮೇದೋಜೀರಕ ಗ್ರಂಥಿಯಲ್ಲಿ, ಹೈಸ್ಕೂಲು ಮಕ್ಕಳೂ ಥಟ್ಟನೆ ಹೇಳುತ್ತಾರೆ. ಸರಿ, ಹಾಗಾದರೆ ಹೃದಯದ ಮುಂದೆ, ಎದೆಮೂಳೆಯ ಮರೆಯಲ್ಲಿ ಕೂತಿರುವ ಥೈಮಸ್ ಗ್ರಂಥಿಯಲ್ಲೂ ಚಿಟಿಕೆಯಷ್ಟು ಇನ್ಸುಲಿನ್ ಯಾಕೆ ಸಿಗಬೇಕು? ಅದೊಂದೇ ಅಲ್ಲ. ಥೈರಾಯ್ಡಿನದು, ಕಣ್ಣಿನ ರೆಟಿನಾದ್ದು, ಕರುಳಿನದು ಎಂದು ಸಾವಿರಾರು ಪ್ರೋಟೀನುಗಳು ಅಲ್ಲಿ ನೆರೆದಿವೆ. ಇದೇನು ಗ್ರಂಥಿಯೋ, ಸಂತೆಯೋ!

ಮಕ್ಕಳಲ್ಲಿ ದೊಡ್ಡದಾಗಿದ್ದು, ಹರೆಯ ದಾಟಿದ ಮೇಲೆ ಕುಗ್ಗಿ ಕೊಬ್ಬಾಗುವ ಈ ಗ್ರಂಥಿಯನ್ನು ವೈದ್ಯರು ಬಹುಕಾಲ ಲೆಕ್ಕಕ್ಕೇ ಇಟ್ಟಿರಲಿಲ್ಲ. 1961ರಲ್ಲಿ ಲಂಡನ್ನಿನ ಜಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳು ಸೋಂಕು ತಡೆಯಲಾರದೆ ಸೊರಗಿದವು. ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಅವುಗಳ ಮೈ ಅದನ್ನು ಹೊರದಬ್ಬಲಿಲ್ಲ. ಸೋಂಕಿನ ವಿರುದ್ಧ ಕಾದಾಡುವ ನಮ್ಮ ‘ಟಿ’ ಕೋಶಗಳ ಗರಡಿಮನೆ ಕೊನೆಗೂ ಸಿಕ್ಕಿತ್ತು. ಆ ‘ಟಿ’ ಥೈಮಸ್‌ನದೇ.

ಈ ಗರಡಿಯ ಕಷ್ಟ ಕೇಳಿ. ವೈರಿಯನ್ನು ಗುರುತಿಸಲು ಪ್ರತಿ ಟಿ ಕೋಶಕ್ಕೂ ಒಂದೊಂದು ಬಗೆಯ ಕೊಂಡಿ ಬೇಕು. ಜೀನ್ ತುಣುಕುಗಳನ್ನು ಇಸ್ಪೀಟು ಎಲೆಗಳಂತೆ ಕಲಸಿ, ಕೈಗೆ ಬಂದಂತೆ ಈ ಕೊಂಡಿಗಳು ರೂಪುಗೊಳ್ಳುತ್ತವೆ. ನಾಳೆ ಬರಲಿರುವ ವೈರಸ್ಸಿಗೂ ಒಂದು ಕೊಂಡಿ ಸಿದ್ಧ! ಆದರೆ ಹಾಗೆ ಕಲಸಿದಾಗ ನಮ್ಮದೇ ಅಂಗಕ್ಕೆ ಕಚ್ಚಿಕೊಳ್ಳುವ ಕೊಂಡಿಯೂ ಹುಟ್ಟದೆ ಇದ್ದೀತೇ? ಅದಕ್ಕೇ ಪರೀಕ್ಷೆ. ಸ್ವಂತ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡ ಕೋಶಕ್ಕೆ ಸಾಮಾನ್ಯವಾಗಿ ಅಲ್ಲೇ ಸಾವು. ಏನನ್ನೂ ಗುರುತಿಸದ ಸೋಮಾರಿಗೂ ಅದೇ ಗತಿ. ಗರಡಿಗೆ ಬಂದ 100ರಲ್ಲಿ 5 ಕೋಶಗಳೂ ಜೀವಂತ ಹೊರಗೆ ಹೋಗುವುದಿಲ್ಲ.

ಎದೆಯಲ್ಲಿ ಕೂತು ಕಣ್ಣು, ಕರುಳುಗಳ ಪರಿಚಯ ಮಾಡಿಸುವುದು ಹೇಗೆ? ಸುಳಿವು ಸಿಕ್ಕಿದ್ದು ಫಿನ್ಲೆಂಡಿನಲ್ಲಿ ಹೆಚ್ಚಾಗಿ ಕಾಣುವ ಒಂದು ವಂಶವಾಹಿ ಕಾಯಿಲೆಯಿಂದ. ಅದು ಬಂದವರಲ್ಲಿ ಅಡ್ರಿನಲ್, ಪ್ಯಾರಾಥೈರಾಯ್ಡ್ ಎಂದು ಒಂದೊಂದೇ ಗ್ರಂಥಿ ತನ್ನವರ ದಾಳಿಗೇ ತುತ್ತಾಗುತ್ತದೆ. 1997ರಲ್ಲಿ ಅದರ ಜೀನ್ ಪತ್ತೆಯಾಯಿತು, ಹೆಸರು ‘ಏರ್’. ದೇಹದ ಸಾವಿರಾರು ಪ್ರೋಟೀನುಗಳನ್ನು ಥೈಮಸ್‌ನಲ್ಲಿ ಮೂಡಿಸುವ ಸೂತ್ರಧಾರ ಅದೇ ಎಂದು 2002ರಲ್ಲಿ ಗೊತ್ತಾಯಿತು.

ನನ್ನನ್ನು ನಿಜಕ್ಕೂ ಬೆಕ್ಕಸ ಬೆರಗಾಗಿಸಿದ್ದು ಮಾತ್ರ 2022ರ ಸುದ್ದಿ. ಹಾರ್ವರ್ಡಿನ ಡಯೇನ್ ಮ್ಯಾಥಿಸ್ ಬಳಗ ಥೈಮಸ್ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಕಂಡದ್ದು ಪ್ರೋಟೀನುಗಳ ರಾಶಿಯಷ್ಟೇ ಅಲ್ಲ, ವೇಷ! ಒಂದು ಕೋಶ ಸ್ನಾಯುವಿನ ವೇಷ ಕಟ್ಟಿದೆ. ಇನ್ನೊಂದು ಚರ್ಮ, ಮತ್ತೊಂದು ಕರುಳು. ಶ್ವಾಸನಾಳದಲ್ಲಿರುವಂಥ ಸಣ್ಣ ರೋಮ ಹೊತ್ತು ನಿಂತದ್ದೂ ಒಂದು. ಬೆಳಗಾದರೆ ರಾಮ, ಮರುದಿನ ರಾವಣನಾಗಿ ಮನೆಬಾಗಿಲಿಗೆ ಬರುವ ನಮ್ಮ ಹಗಲುವೇಷದವರು ನೆನಪಾದರು. ಇಲ್ಲಿ ಆ ಆಟ ನೋಡಿ ಮೈಮೇಲೆ ಬಿದ್ದ ಪ್ರೇಕ್ಷಕನಿಗೆ ಮರಣದಂಡನೆ, ಅಷ್ಟೇ ವ್ಯತ್ಯಾಸ.

ಪರೀಕ್ಷೆಯಲ್ಲಿ ನುಸುಳುವವರೂ ಇದ್ದಾರೆ. ಇನ್ಸುಲಿನ್ ಜೀನ್‌ನ ಒಂದು ಮಾದರಿ ಥೈಮಸ್‌ನಲ್ಲಿ ಕಡಿಮೆ ಇನ್ಸುಲಿನ್ ತೋರಿಸುತ್ತದೆ. ಅದನ್ನು ಹೊತ್ತವರಿಗೆ ಟೈಪ್ 1 ಮಧುಮೇಹದ ಅಪಾಯ ಹೆಚ್ಚು. ನುಸುಳಿದವರನ್ನು ಹೊರಗೆ ಹದ್ದುಬಸ್ತಿನಲ್ಲಿಡಲು ಥೈಮಸ್ಸೇ ಬೇರೆ ಕಾವಲು ಕೋಶಗಳನ್ನು ಕಳಿಸುತ್ತದೆ. ಅವುಗಳನ್ನು 1995ರಲ್ಲಿ ಗುರುತಿಸಿದ ಜಪಾನಿನ ಶಿಮೊನ್ ಸಕಗುಚಿಗೆ, ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಜೊತೆ, 2025ರ ನೊಬೆಲ್ ಬಂತು.

ಒಂದು ಮಾತು ಮರೆತೆ. ಕಪ್ಪೆಯ ಥೈಮಸ್ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟ 19ನೇ ಶತಮಾನದ ಅಂಗರಚನಾ ತಜ್ಞರಿಗೂ ಅಲ್ಲಿ ಪಟ್ಟೆಪಟ್ಟೆಯ ಸ್ನಾಯುಕೋಶಗಳು ಕಂಡಿದ್ದವು. ಇವು ಇಲ್ಲಿಗೆ ಹೇಗೆ ಬಂದವು ಎಂದು ಅವರು ತಲೆ ಕೆರೆದುಕೊಂಡಿದ್ದರು.