ಎರಡು ದೇಶಗಳಲ್ಲಿ ಒಂದೇ ಮನೆಯ ಕಡತ

ಗೈದರ್ಸ್‌ಬರ್ಗ್ (ಮೇರಿಲ್ಯಾಂಡ್): ಮದುವೆಯ ವಿಡಿಯೊ, ತೀರಿಹೋದ ಅಜ್ಜಿಯ ಧ್ವನಿ, ಊರಿನ ಮನೆ ಪತ್ರ. ಇವುಗಳ ಒಂದು ಪ್ರತಿ ಇಲ್ಲಿನ ಡಿಸ್ಕ್‌ನಲ್ಲಿ, ಇನ್ನೊಂದು ಊರಿನ ಡಿಸ್ಕ್‌ನಲ್ಲಿ ಇದ್ದು, ನಡುವೆ ಸಿಂಕ್ ಓಡುತ್ತಿದ್ದರೆ ನಾವು ನಿಶ್ಚಿಂತರಾಗುತ್ತೇವೆ. ಆದರೆ ಸಿಂಕ್ ಹೇಳಿದಷ್ಟು ಮಾಡುವ ಆಳು. ಊರಿನಲ್ಲಿ ಅಮ್ಮ ಜಾಗ ಸಾಲದೆಂದು ಫೋಟೊ ಅಳಿಸಿದರೆ ಇಲ್ಲಿಯೂ ಅಳಿಸುತ್ತದೆ. ವೈರಸ್ ಹಾಳುಮಾಡಿದ ಕಡತವನ್ನೂ ಹಾಗೆಯೇ ದಾಟಿಸುತ್ತದೆ. ಆದ್ದರಿಂದ ಹಳೆಯ ಆವೃತ್ತಿಗಳನ್ನು ಕೆಲವು ವಾರವಾದರೂ ಉಳಿಸುವ ಏರ್ಪಾಡು ಬೇಕು. ಮೂರನೆಯ ಪ್ರತಿಯೊಂದು ಯಾವ ತಂತಿಗೂ ಸಿಕ್ಕಿಸದೆ ಬೀರುವಿನಲ್ಲಿರಲಿ.

ನಮ್ಮೂರಿನಲ್ಲೇ ಇರುವ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಸರ್ಕಾರಿ ಕಚೇರಿಗಳಿಗೆಂದು 2010ರಲ್ಲಿ ಪರಿಷ್ಕರಿಸಿದ ಕೈಪಿಡಿಯೂ ಬ್ಯಾಕಪ್ ಪ್ರತಿಯನ್ನು ಬೇರೆ ಜಾಗದಲ್ಲಿಡಿ ಎನ್ನುತ್ತದೆ. ಒಂದೇ ಬೆಂಕಿ, ಒಂದೇ ನೆರೆ ಎರಡನ್ನೂ ನುಂಗಬಾರದಲ್ಲ! ಆ ಲೆಕ್ಕದಲ್ಲಿ ನಾವು ಪುಣ್ಯವಂತರು, ನಮ್ಮ ಎರಡು ಮನೆಗಳ ನಡುವೆ ಸಮುದ್ರವೇ ಇದೆ.

ದೂರಕ್ಕೆ ಬೆಲೆಯೂ ಉಂಟು. ಸೆಕೆಂಡಿಗೆ 20 ಮೆಗಾಬಿಟ್ ಕಳಿಸುವ ಸಂಪರ್ಕದಲ್ಲಿ 1 ಟೆರಾಬೈಟ್ ದಾಟಲು, ಎಲ್ಲೂ ನಿಲ್ಲದಿದ್ದರೂ, ನಾಲ್ಕೂವರೆ ದಿನ ದಾಟುತ್ತದೆ. ಮೊದಲ ಪ್ರತಿಯನ್ನು ರಜೆಗೆ ಹೋಗುವಾಗ ಪಾಸ್‌ವರ್ಡ್ ಹಾಕಿ ಕೈಚೀಲದಲ್ಲೇ ಒಯ್ಯುವುದು ಲೇಸು. ಆಮೇಲೆ 1996ರಿಂದ ಬಳಕೆಯಲ್ಲಿರುವ ಆರ್‌ಸಿಂಕ್‌ನಂಥ ತಂತ್ರಾಂಶ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ.

ಊರಿನಲ್ಲಿರುವವರಿಗೆ ಒಂದು ಕೋರಿಕೆ: ಆ ಡಿಸ್ಕ್‌ನ ಪ್ಲಗ್ ಕಿತ್ತು ಮಿಕ್ಸಿ ಹಾಕಬೇಡಿ. ಪಾಸ್‌ವರ್ಡ್ ಮಗನೊಬ್ಬನಿಗೇ ಅಲ್ಲ, ಮನೆಯ ಇನ್ನೊಬ್ಬರಿಗೂ ತಿಳಿದಿರಲಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಯಾವುದಾದರೂ ಹಳೆಯ ವಿಡಿಯೊವನ್ನು ಊರಿನ ಪ್ರತಿಯಿಂದಲೇ ತೆರೆದು, ಓಡುತ್ತದೆಯೇ ಎಂದು ಫೋನಿನಲ್ಲಿ ಹೇಳಿ.