ಬಾಗಿಲು ತೆರೆಯುವ ಹೊತ್ತು

ನಮ್ಮ ವೈದ್ಯಮಿತ್ರರೊಬ್ಬರ ಮನೆಯ ಬಾಗಿಲು ಹಗಲೆನ್ನದೆ ಇರುಳೆನ್ನದೆ ತೆರೆದೇ ಇರುತ್ತಿತ್ತು. ಬಂದವರನ್ನು ಕಾಯಿಸಲಾಗದು, ಕರೆದವರಿಗೆ ಇಲ್ಲವೆನ್ನಲಾಗದು ಎಂಬುದು ಅವರ ವ್ರತ. ಒಂದು ಸಂಜೆ ವೃದ್ಧೆಯೊಬ್ಬರು ತಮ್ಮ ಎದೆನೋವಿನ ವೃತ್ತಾಂತವನ್ನು ಹೇಳತೊಡಗಿದ್ದರು. ಅಷ್ಟರಲ್ಲಿ ಫೋನು ಬಂದಿತು. ಅದು ಮುಗಿಯುತ್ತಲೇ ಪರಿಚಿತರೊಬ್ಬರು “ಒಂದೇ ನಿಮಿಷ, ಡಾಕ್ಟರೇ” ಎಂದು ಪರದೆ ಸರಿಸಿ ಒಳಬಂದರು. ಅವರು ಹೋಗುವಷ್ಟರಲ್ಲಿ ಮತ್ತೆ ಫೋನು. ಮೂರು ಬಾರಿ ಮಾತು ಕಡಿದುಹೋದ ಮೇಲೆ ಆ ತಾಯಿ, “ಇರಲಿ ಬಿಡಪ್ಪಾ, ಇನ್ನೊಂದು ದಿನ ಬರುತ್ತೇನೆ” ಎಂದು ಎದ್ದರು. ಪುಣ್ಯಕ್ಕೆ ಮಿತ್ರರು ಅವರನ್ನು ತಡೆದು ಕೂರಿಸಿದರು; ಅಂದು ರಾತ್ರಿಯೇ ಆಕೆ ಆಸ್ಪತ್ರೆ ಸೇರಬೇಕಾಯಿತು. “ಎಲ್ಲರಿಗೂ ಸಿಕ್ಕಬೇಕೆಂದು ಹೊರಟು, ಎದುರಿಗೆ ಕುಳಿತವರಿಗೇ ಸಿಕ್ಕದೆ ಹೋಗುತ್ತಿದ್ದೆನಲ್ಲ!” ಎಂದು ಮಿತ್ರರು ಬಹಳ ದಿನ ಹಲುಬಿದರು.

ಉಪಾಧ್ಯಾಯರು, ವಕೀಲರು, ಬ್ಯಾಂಕಿನ ಅಧಿಕಾರಿಗಳು, ಹೀಗೆ ಜನರ ನಡುವೆಯೇ ದುಡಿಯುವವರೆಲ್ಲರ ಸಂಕಟವೂ ಇದೇ. ಹೊತ್ತನ್ನು ಗೊತ್ತುಮಾಡುವುದು ದಾಕ್ಷಿಣ್ಯವಿಲ್ಲದವರ ಕೆಲಸವೆಂದು ನಾವು ಭಾವಿಸುತ್ತೇವೆ. ಹಿರಿಯರ ಜೀವನ ಬೇರೆಯೇ ಪಾಠ ಹೇಳುತ್ತದೆ.

ಡಾಕ್ಟರ್ ಬಿಧಾನ್ ಚಂದ್ರ ರಾಯ್ ಅವರು 1948ರಿಂದ, 1962ರಲ್ಲಿ ತೀರಿಕೊಳ್ಳುವವರೆಗೆ, ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದರು. ದೇಶವಿಭಜನೆಯಿಂದ ನಿರಾಶ್ರಿತರಾಗಿ ಬಂದ ಲಕ್ಷಾಂತರ ಜನರ ಹೊಣೆ ಆ ರಾಜ್ಯದ ಮೇಲಿತ್ತು. ಆದರೂ ಅವರು ಕಲ್ಕತ್ತೆಯ ತಮ್ಮ ಮನೆಯಲ್ಲಿ ಬೆಳಗಿನ ಹೊತ್ತನ್ನು ರೋಗಿಗಳಿಗೆಂದು ತೆಗೆದಿರಿಸಿ, ಹಣ ಮುಟ್ಟದೆ ಅವರನ್ನು ಪರೀಕ್ಷಿಸುತ್ತಿದ್ದರು. ದಿನವೆಲ್ಲ ಬಾಗಿಲು ತೆರೆದಿಟ್ಟಿದ್ದರೆ ರೋಗಿಗೂ ದಕ್ಕುತ್ತಿರಲಿಲ್ಲ, ರಾಜ್ಯಕ್ಕೂ ದಕ್ಕುತ್ತಿರಲಿಲ್ಲ. ಎಲ್ಲೆಯಿದ್ದುದರಿಂದಲೇ ಆ ಹೊತ್ತು ಬಡವರ ಪಾಲಿಗೆ ಉಳಿಯಿತು.

ಕ್ರಿಮಿಯಾ ಯುದ್ಧದಿಂದ 1856ರಲ್ಲಿ ಹಿಂದಿರುಗಿದ ಫ್ಲಾರೆನ್ಸ್ ನೈಟಿಂಗೇಲರನ್ನು ಅನಾರೋಗ್ಯ ಬಹುಕಾಲ ಹಾಸಿಗೆಗೆ ಕಟ್ಟಿಹಾಕಿತು. ಮೊದಲೇ ವೇಳೆ ಗೊತ್ತುಮಾಡಿಕೊಂಡು ಬಂದವರನ್ನು ಮಾತ್ರ, ಅದೂ ಒಬ್ಬೊಬ್ಬರನ್ನಾಗಿ, ಆಕೆ ಕಾಣುತ್ತಿದ್ದರು. ಮಿಕ್ಕ ವ್ಯವಹಾರವೆಲ್ಲ ಬಹುಮಟ್ಟಿಗೆ ಪತ್ರಗಳ ಮೂಲಕ. ಹಾಗೆ ಉಳಿಸಿಕೊಂಡ ಶಕ್ತಿ ಸೈನಿಕರ ಆರೋಗ್ಯಕ್ಕೆ, ಆಸ್ಪತ್ರೆಗಳ ಸುಧಾರಣೆಗೆ ಸಂದಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ತೆರೆಯಿತು.

ಹಾಗಾದರೆ ನಾವು ಮಾಡತಕ್ಕದ್ದೇನು? ದೊರೆಯುವ ವೇಳೆಯನ್ನು ಬಾಗಿಲಿನ ಮೇಲೆ ಬರೆಯಬೇಕು, ಬರೆದಂತೆ ನಡೆಯಬೇಕು. ಅನಿರೀಕ್ಷಿತವಾದ ತೊಂದರೆಗೆಂದು ದಿನದಲ್ಲಿ ಒಂದಷ್ಟು ಹೊತ್ತನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳಬೇಕು. ತುಂಬಿದ ಕೊಡಕ್ಕೆ ಮತ್ತೊಂದು ಹನಿ ಹಿಡಿಯದು. ಯಾವುದು ತುರ್ತು, ಯಾವುದು ನಾಳೆಗೆ ನಿಲ್ಲಬಹುದು ಎಂದು ವಿಚಾರಿಸುವ ಕೆಲಸವನ್ನು ತಿಳಿವಳಿಕೆಯುಳ್ಳ ಸಹಾಯಕರಿಗೆ ಒಪ್ಪಿಸಬೇಕು. ಎದುರಿಗಿರುವವರ ಮಾತು ಮುಗಿಯುವ ತನಕ ಫೋನನ್ನು ಮುಟ್ಟಬಾರದು. “ಆಗುವುದಿಲ್ಲ” ಎನ್ನುವ ಬದಲು “ನಾಳೆ ಹತ್ತು ಗಂಟೆಗೆ ಬನ್ನಿ” ಎಂದರೆ ಅದು ನಿರಾಕರಣೆಯಾಗದು, ಭರವಸೆಯಾದೀತು.

ಈಗ ನಮ್ಮ ಮಿತ್ರರ ಬಾಗಿಲಲ್ಲಿ ಹಲಗೆಯೊಂದು ತೂಗುತ್ತಿದೆ. ರಾತ್ರಿ ಎಂಟಕ್ಕೆ ದೀಪ ಆರುತ್ತದೆ. ಪ್ರಾಣಾಪಾಯದ ಸಮಯಕ್ಕೆಂದು ಕರೆಗಂಟೆಯೊಂದುಂಟು. ಮೊದಮೊದಲು ಕೆಲವರು ಮುನಿದುಕೊಂಡರು. ಚೇತರಿಸಿಕೊಂಡ ಆ ವೃದ್ಧೆ ಮಾತ್ರ ಮೊನ್ನೆ ಬಂದವರು, ಹಲಗೆಯ ಬರೆಹವನ್ನು ಮೊಮ್ಮಗನಿಂದ ಓದಿಸಿ ಕೇಳಿ ನಕ್ಕರಂತೆ:

“ಒಳ್ಳೆಯದಾಯಿತಪ್ಪಾ. ಇನ್ನು ನನ್ನ ಮಾತನ್ನು ಪೂರ್ತಿ ಕೇಳುತ್ತೀಯ.”