ಕಾದು ಗೆದ್ದ ಆಟಗಾರ – ಕರ್ಟ್ ವಾರ್ನರ್

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಲಿನಿಂದ ಒದೆಯುವ ದುಂಡು ಚೆಂಡು. ಆದರೆ ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿನ ಚೆಂಡು ಎರಡೂ ತುದಿಗಳಲ್ಲಿ ಚೂಪಾಗಿ ನೀಳವಾಗಿರುತ್ತದೆ. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಪ್ರತಿ ತಂಡದಲ್ಲಿ ಹನ್ನೊಂದು ಮಂದಿ; ಅಂಗಣದ ಉದ್ದ 100 ಗಜ. ಚೆಂಡು ಪಡೆದ ತಂಡಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಸಾಗದಿದ್ದರೆ ಚೆಂಡು ಎದುರಾಳಿಗಳ ಪಾಲು. ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ.

ಈ ಆಟದಲ್ಲಿ ‘ಕ್ವಾರ್ಟರ್‌ಬ್ಯಾಕ್’ ಎಂಬವನು ತಂಡದ ಸಾರಥಿ. ಚೆಂಡು ಸಾಮಾನ್ಯವಾಗಿ ಮೊದಲು ಅವನ ಕೈಗೇ ಬರುತ್ತದೆ. ತನ್ನ ಮೇಲೆ ಎರಗುವ ಎದುರಾಳಿಗಳ ನಡುವೆ, ಎರಡು ಮೂರು ಸೆಕೆಂಡುಗಳಲ್ಲಿ, ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ತಂಡದಲ್ಲಿ ಇಬ್ಬರು ಮೂವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರೂ ಅಂಗಣಕ್ಕೆ ಇಳಿಯುವವನು ಒಬ್ಬನೇ. ಉಳಿದವರು ಬದಿಯಲ್ಲಿ ಕುಳಿತು ಕಾಯಬೇಕು.

ಅಲ್ಲಿ ವೃತ್ತಿ ಆಟಗಾರನಾಗುವ ದಾರಿ ಕಾಲೇಜಿನ ಮೂಲಕವೇ ಹಾದುಹೋಗುತ್ತದೆ. ಇಂದು 32 ವೃತ್ತಿ ತಂಡಗಳಿವೆ. ವರ್ಷಕ್ಕೊಮ್ಮೆ ಅವು ಸರದಿಯಂತೆ ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಸಾವಿರಾರು ಕಾಲೇಜು ಆಟಗಾರರಲ್ಲಿ ಹೀಗೆ ಆಯ್ಕೆಯಾಗುವವರು ಸುಮಾರು ಇನ್ನೂರೈವತ್ತು ಮಂದಿ ಮಾತ್ರ. ಬಾಗಿಲು ಎಷ್ಟು ಕಿರಿದು ಎಂಬುದನ್ನು ಇದರಿಂದಲೇ ಊಹಿಸಬಹುದು.

ಈ ಬಾಗಿಲಿನ ಹೊರಗೇ ಉಳಿದವನೊಬ್ಬನ ಕಥೆ ಕೇಳಿ. ಕರ್ಟ್ ವಾರ್ನರ್ ಹುಟ್ಟಿದ್ದು 1971ರಲ್ಲಿ, ಅಯೋವಾ ರಾಜ್ಯದ ಬರ್ಲಿಂಗ್ಟನ್ ಎಂಬಲ್ಲಿ. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದನಾದರೂ, ಪ್ರಧಾನ ಕ್ವಾರ್ಟರ್‌ಬ್ಯಾಕ್ ಆಗಿ ಆಡುವ ಅವಕಾಶ ದೊರೆತದ್ದು ಕೊನೆಯ ವರ್ಷದಲ್ಲಿ, 1993ರಲ್ಲಿ. ಆ ವರ್ಷ ಚೆನ್ನಾಗಿಯೇ ಆಡಿದ. ಆದರೂ 1994ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನ ಹೆಸರು ಹೇಳಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡ ತನ್ನ ತರಬೇತಿ ಶಿಬಿರಕ್ಕೆ ಕರೆಯಿತು. ಋತು ಆರಂಭವಾಗುವ ಮೊದಲೇ ಮನೆಗೆ ಕಳುಹಿಸಿತು.

ಮುಂದೇನು? ಹೊಟ್ಟೆಪಾಡು ನಡೆಯಬೇಕಲ್ಲ! ವಾರ್ನರ್ ಒಂದು ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದ. ಕಪಾಟುಗಳಲ್ಲಿ ಸಾಮಾನು ಜೋಡಿಸುವ ಕೆಲಸ. ಗಂಟೆಗೆ ಐದೂವರೆ ಡಾಲರ್ ಕೂಲಿ. ಆ ಕೆಲಸವನ್ನು ಅವನು ಕೀಳೆಂದು ತಿಳಿಯಲಿಲ್ಲ; ಆಟದ ಅಭ್ಯಾಸವನ್ನೂ ಬಿಡಲಿಲ್ಲ.

1995ರಲ್ಲಿ ‘ಅರೀನಾ ಫುಟ್‌ಬಾಲ್’ ಎಂಬ ಒಳಾಂಗಣ ಆಟದ ತಂಡವೊಂದು ಅವನನ್ನು ಸೇರಿಸಿಕೊಂಡಿತು. ಹೆಸರು ಅಯೋವಾ ಬಾರ್ನ್‌ಸ್ಟಾರ್ಮರ್ಸ್. ಆ ಆಟದ ಅಂಗಣ ಕೇವಲ 50 ಗಜ. ತಂಡಕ್ಕೆ ಎಂಟೇ ಜನ. ಜಾಗ ಇಕ್ಕಟ್ಟಾದ್ದರಿಂದ ಬೇಗ ನೋಡಬೇಕು, ಬೇಗ ಎಸೆಯಬೇಕು. ದೊಡ್ಡ ಆಟದವರು ಲಘುವಾಗಿ ಕಾಣುತ್ತಿದ್ದ ಈ ಚಿಕ್ಕ ಅಂಗಣವೇ ಅವನಿಗೆ ಪಾಠಶಾಲೆಯಾಯಿತು. ಮೂರು ಋತುಗಳ ಬಳಿಕ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡ ಅವನನ್ನು ಗೊತ್ತುಮಾಡಿಕೊಂಡು, 1998ರಲ್ಲಿ ಯುರೋಪಿನ ಆಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಆಡಲು ಕಳುಹಿಸಿತು. ಅಲ್ಲಿಂದ ಮರಳಿದ ಮೇಲೂ ಆ ವರ್ಷವೆಲ್ಲ ಬಹುಪಾಲು ಬದಿಯಲ್ಲಿ ಕುಳಿತೇ ಕಳೆಯಿತು.

1999ರ ಆಗಸ್ಟ್‌ನಲ್ಲಿ ತಂಡದ ಪ್ರಧಾನ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮೊಣಕಾಲಿಗೆ ಪೆಟ್ಟು ಬಿದ್ದು ಆ ಋತುವಿಗೆ ಹೊರಗುಳಿದ. ಇಪ್ಪತ್ತೆಂಟು ವರ್ಷದ ವಾರ್ನರ್ ಅಂಗಣಕ್ಕೆ ಇಳಿದ. ಹಿಂದಿನ ವರ್ಷ ಹದಿನಾರು ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದಿದ್ದ ತಂಡ, ಆ ವರ್ಷ ಹದಿಮೂರನ್ನು ಗೆದ್ದಿತು. 2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ನಡೆದ ‘ಸೂಪರ್ ಬೌಲ್’ ಎಂಬ ಅಂತಿಮ ಪಂದ್ಯದಲ್ಲಿ ಟೆನೆಸ್ಸಿ ಟೈಟನ್ಸ್ ತಂಡವನ್ನು 23–16ರಿಂದ ಸೋಲಿಸಿತು. ಆಟ ಮುಗಿಯಲು ಎರಡು ನಿಮಿಷಗಳಷ್ಟೇ ಉಳಿದಿದ್ದಾಗ ಅಂಕಗಳು ಸಮವಾಗಿದ್ದವು. ವಾರ್ನರ್ ಎಸೆದ ಚೆಂಡನ್ನು ಐಸಾಕ್ ಬ್ರೂಸ್ ಹಿಡಿದು ಗೆರೆ ದಾಟಿಸಿದ. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ವಾರ್ನರ್‌ಗೇ ಸಂದಿತು.

ಆಮೇಲೂ ಏಳುಬೀಳುಗಳು ತಪ್ಪಲಿಲ್ಲ. ಗಾಯಗಳಾದವು, ಸ್ಥಾನ ಹೋಯಿತು, ತಂಡ ಬದಲಾಯಿತು. ಆದರೂ 2009ರ ಫೆಬ್ರವರಿಯಲ್ಲಿ ಅರಿಜೋನಾ ಕಾರ್ಡಿನಲ್ಸ್ ತಂಡವನ್ನು ಅದೇ ಅಂತಿಮ ಪಂದ್ಯದವರೆಗೆ ಕೊಂಡೊಯ್ದ, ಅಲ್ಲಿ ಸೋತ. 2010ರಲ್ಲಿ ನಿವೃತ್ತನಾದ. 2017ರಲ್ಲಿ ಆ ಆಟದ ಮಹಾನ್ ಆಟಗಾರರ ಸಾಲಿನಲ್ಲಿ ಅವನ ಹೆಸರು ಸೇರಿತು.

ವಿದ್ಯಾರ್ಥಿಗಳೇ, ಕಾದವರೆಲ್ಲರೂ ವಾರ್ನರ್ ಆಗುತ್ತಾರೆಂದು ಇದನ್ನು ಬರೆದಿಲ್ಲ. ಅವನಂತೆಯೇ ಕಾದು, ಕರೆ ಬಾರದೆ ಉಳಿದವರು ಎಷ್ಟೋ ಮಂದಿ. ಆದ್ದರಿಂದಲೇ ಆಟದ ಜೊತೆಗೆ ಓದೂ ಬೇಕು, ದುಡಿಯಲು ನಾಚದ ಮನಸ್ಸೂ ಬೇಕು. ಪಾಲಕರಲ್ಲಿಯೂ ಒಂದು ಮಾತು: ಒಂದು ಆಯ್ಕೆಯಲ್ಲಿ ಹೆಸರು ಬಾರದ ಮಗುವನ್ನು ಅಷ್ಟಕ್ಕೇ ಅಳೆಯಬೇಡಿ. ಟ್ರೆಂಟ್ ಗ್ರೀನ್‌ಗೆ ಪೆಟ್ಟಾದದ್ದು ಆಕಸ್ಮಿಕ. ಆದರೆ ಆ ದಿನ ವಾರ್ನರ್ ಸಿದ್ಧನಾಗಿದ್ದುದು ಆಕಸ್ಮಿಕವಲ್ಲ.